ಗ್ಯಾಸ್ ಗೀಸರ್ ಕೆಟ್ಟಾಗ: ದುರಸ್ತಿಯೋ, ಬದಲಾವಣೆಯೋ?

ಮುಂಬಯಿ, ಪುಣೆಯಂತಹ ನಗರಗಳ ವಸತಿ ಕಟ್ಟಡಗಳಲ್ಲಿ ಸ್ನಾನದ ನೀರಿಗೆ ಗ್ಯಾಸ್ ಗೀಸರನ್ನು ನೆಚ್ಚಿಕೊಂಡಿರುವ ಕುಟುಂಬಗಳು ಸಾಕಷ್ಟಿವೆ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಕೊಡುವ ಈ ಪುಟ್ಟ ಯಂತ್ರವು ಒಂದು ಮುಂಜಾನೆ ಮುಷ್ಕರ ಹೂಡಿದಾಗ, ಮೆಕ್ಯಾನಿಕ್‌ನನ್ನು ಕರೆಸುವುದೋ ಅಂಗಡಿಗೆ ಹೋಗುವುದೋ ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚಿನವರು ಇದನ್ನು ಹಣದ ಲೆಕ್ಕದಿಂದಲೇ ಆರಂಭಿಸುತ್ತಾರೆ. ಆದರೆ ಹಣದ ಲೆಕ್ಕ ಬರಬೇಕಾದುದು ಕೊನೆಯಲ್ಲಿ. ದೋಷವು ನೀರು ಮತ್ತು ಕಿಡಿಯ ವ್ಯವಸ್ಥೆಯಲ್ಲಿದೆಯೇ, ಉರಿಯಲ್ಲಿದೆಯೇ ಅಥವಾ ಗೀಸರ್ ತೂಗುಹಾಕಿದ ಜಾಗದಲ್ಲಿದೆಯೇ ಎಂಬುದನ್ನು ಮೊದಲು ತಿಳಿಯಬೇಕು.

ಯಂತ್ರ ಕೆಲಸ ಮಾಡುವ ಬಗೆ

ಗ್ಯಾಸ್ ಗೀಸರಿನಲ್ಲಿ ನೀರು ಶೇಖರಿಸುವ ತೊಟ್ಟಿಯಿಲ್ಲ. ಹರಿಯುವ ನೀರಿನ ಒತ್ತಡವು ಒಳಗಿನ ರಬ್ಬರಿನ ಪೊರೆಯನ್ನು (ಡಯಾಫ್ರಾಂ) ತಳ್ಳುತ್ತದೆ. ಆಗ ಒಂದು ಚಿಕ್ಕ ಸ್ವಿಚ್ ಒತ್ತಲ್ಪಟ್ಟು, ಬ್ಯಾಟರಿಯಿಂದ ಕಿಡಿ ಹಾರಿ, ಗ್ಯಾಸಿನ ವಾಲ್ವ್ ತೆರೆದು ಬರ್ನರ್ ಹೊತ್ತಿಕೊಳ್ಳುತ್ತದೆ. ಉರಿಯ ಮೇಲಿರುವ ತಾಮ್ರದ ಕೊಳವೆಗಳಲ್ಲಿ ಹಾಯುವ ನೀರು ಬಿಸಿಯಾಗುತ್ತದೆ. ಉರಿ ಆರಿದರೆ ಅಥವಾ ಶಾಖ ಮಿತಿಮೀರಿದರೆ ಗ್ಯಾಸನ್ನು ತಡೆಯಲು ಸೆನ್ಸರುಗಳಿರುತ್ತವೆ.

ದುರಸ್ತಿಗೆ ತಕ್ಕ ದೋಷಗಳು

ಕಿಡಿ ಹಾರದಿದ್ದರೆ ಮೊದಲು ಬ್ಯಾಟರಿ ಬದಲಿಸಿ ನೋಡಬೇಕು. ಕಿಡಿಯ ಸದ್ದೇ ಕೇಳದಿದ್ದರೆ ನೀರಿನ ಒತ್ತಡ ಸಾಲದೇ ಇರಬಹುದು. ಮೇಲಿನ ತೊಟ್ಟಿಗೆ ತೀರಾ ಸಮೀಪದ ಕೊನೆಯ ಮಹಡಿಯ ಮನೆಗಳಲ್ಲಿ ಇದು ಸಾಮಾನ್ಯ. ಅಲ್ಲಿ ಹೊಸ ಗೀಸರ್ ತಂದರೂ ಅದೇ ಕಥೆ. ನೀರು ಒಳಬರುವಲ್ಲಿನ ಜಾಲರಿಯಲ್ಲಿ ಕಸ ಕಟ್ಟಿರುವುದು, ಡಯಾಫ್ರಾಂ ಹರಿದಿರುವುದು, ಸ್ವಿಚ್ ಸವೆದಿರುವುದು ಇವೆಲ್ಲ ಬಿಡಿಭಾಗಗಳ ಮಾತು. ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ಬಳಸುವಲ್ಲಿ ಕೊಳವೆಯೊಳಗೆ ಸುಣ್ಣದ ಪದರ ಕಟ್ಟಿ ನೀರಿನ ಹರಿವು ಕುಗ್ಗುತ್ತದೆ. ಇದನ್ನೂ ಸ್ವಚ್ಛಗೊಳಿಸಬಹುದು. ಇಂತಹ ದೋಷಗಳಿಗಾಗಿ ಗೀಸರನ್ನೇ ಎಸೆಯುವುದು ಅನಗತ್ಯ.

ಬದಲಾವಣೆ ಬೇಡುವ ದೋಷಗಳು

ಉರಿ ನೀಲಿಯಾಗಿರಬೇಕು. ಅದು ಹಳದಿಯಾಗಿದ್ದರೆ, ಮೇಲ್ಭಾಗದಲ್ಲಿ ಮಸಿ ಹಿಡಿಯುತ್ತಿದ್ದರೆ ಅಥವಾ ಕಣ್ಣು ಉರಿಯುತ್ತಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲವೆಂದು ಅರ್ಥ. ಬರ್ನರಿನ ಧೂಳು ತೆಗೆಸಿ, ಗಾಳಿಯಾಡುವಂತೆ ಮಾಡಿದ ನಂತರವೂ ಹಳದಿ ಉರಿ ಮರುಕಳಿಸಿದರೆ ಯಂತ್ರವನ್ನು ಬದಲಿಸುವುದೇ ಸರಿ. ತಾಮ್ರದ ಕೊಳವೆ ತೂತುಬಿದ್ದಾಗ ಹಾಕುವ ಬೆಸುಗೆ ಬಹುಕಾಲ ಬಾಳುವುದಿಲ್ಲ. ಗ್ಯಾಸ್ ವಾಲ್ವ್ ಸೋರುತ್ತಿದ್ದು, ತಯಾರಕರ ಅಸಲಿ ಬಿಡಿಭಾಗ ಸಿಗದಿದ್ದರೆ ಬೇರೆ ಕಂಪೆನಿಯದನ್ನು ಹೊಂದಿಸಿ ನಡೆಸಬಾರದು. “ಸೆನ್ಸರ್ ತೆಗೆದುಬಿಟ್ಟರೆ ಗೀಸರ್ ನಡೆಯುತ್ತದೆ” ಎಂಬ ಸಲಹೆಯನ್ನು ಯಾರೇ ಕೊಡಲಿ, ಒಪ್ಪಕೂಡದು. ಆಗ ಯಂತ್ರ ನಡೆಯುತ್ತದೆ ನಿಜ, ಅದರ ಕಾವಲುಗಾರ ಮಾತ್ರ ಇರುವುದಿಲ್ಲ.

ಜಾಗವೇ ದೋಷವಾದಾಗ

ಊರಿನ ಬಚ್ಚಲುಮನೆಯ ಹಂಡೆಯ ಒಲೆ ಹೊಗೆಯುಗುಳಿ ತನ್ನ ಇರವನ್ನು ಸಾರುತ್ತಿತ್ತು. ಹಂಚಿನ ಸಂದುಗಳಿಂದ ಹೊಗೆ ಹೊರಹೋಗುತ್ತಿತ್ತು. ಗ್ಯಾಸಿನ ಉರಿಯಲ್ಲಿ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆಯಿಂದ ಆರಂಭವಾಗಿ ಪ್ರಜ್ಞೆ ತಪ್ಪುತ್ತದೆ. ಮುಚ್ಚಿದ ಸ್ನಾನಗೃಹದಲ್ಲಿ ಇದರಿಂದ ಪ್ರಾಣಹಾನಿಯಾದ ಸುದ್ದಿಗಳು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ.

ಒಂದು ಲೆಕ್ಕ ನೋಡೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿಮಾಡುವ ಗೀಸರ್ 10 ನಿಮಿಷ ಉರಿದರೆ ಸುಮಾರು 170 ಗ್ರಾಂ ಎಲ್‌ಪಿಜಿ ಬೇಕು. ಅಷ್ಟು ಗ್ಯಾಸ್ ಉರಿಯಲು 2 ಘನ ಮೀಟರಿಗಿಂತ ಹೆಚ್ಚು ಗಾಳಿ ಬೇಕು. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಸ್ನಾನಗೃಹದಲ್ಲಿರುವ ಒಟ್ಟು ಗಾಳಿಯೇ ಸುಮಾರು 5.4 ಘನ ಮೀಟರ್. ಒಬ್ಬರ ಸ್ನಾನದೊಳಗೆ ಮೂರನೆಯ ಒಂದಂಶಕ್ಕಿಂತ ಹೆಚ್ಚು ಗಾಳಿ ಉರಿಗೆ ಖರ್ಚಾಗಿ, ಅದರ ಜಾಗವನ್ನು ಹೊಗೆಯನಿಲ ತುಂಬುತ್ತದೆ. ಆಮ್ಲಜನಕ ಕುಗ್ಗಿದಂತೆ ಒಳ್ಳೆಯ ಗೀಸರ್ ಕೂಡ ವಿಷಾನಿಲ ಉಗುಳತೊಡಗುತ್ತದೆ. ಆದ್ದರಿಂದ ಸ್ನಾನಗೃಹದೊಳಗಿರುವ ಗ್ಯಾಸ್ ಗೀಸರಿಗೆ ದುರಸ್ತಿಯೂ ಮದ್ದಲ್ಲ, ಅದೇ ಮೊಳೆಗೆ ಹೊಸದನ್ನು ತೂಗುಹಾಕುವುದೂ ಮದ್ದಲ್ಲ. ಅದನ್ನು ಡ್ರೈ ಬಾಲ್ಕನಿಯಂತಹ ತೆರೆದ ಜಾಗಕ್ಕೆ ಸಾಗಿಸಿ, ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತರಬೇಕು. ಅದು ಸಾಧ್ಯವಾಗದಿದ್ದರೆ ವಿದ್ಯುತ್ ಗೀಸರಿಗೆ ಬದಲಾಗುವುದು ಕ್ಷೇಮ.

ಈಗ ಹಣದ ಲೆಕ್ಕ

ಜಾಗ ಮತ್ತು ಉರಿ ಎರಡೂ ಸರಿಯಿದ್ದರೆ ಮಾತ್ರ ಲೆಕ್ಕದ ಪುಸ್ತಕ ತೆರೆಯಬೇಕು. ಹಿಂದೆ ಖರ್ಚಾದ ಹಣವನ್ನು ಬದಿಗಿರಿಸಿ, ಮುಂದಿನ ಒಂದೊಂದು ವರ್ಷಕ್ಕೆ ತಗಲುವ ವೆಚ್ಚವನ್ನು ಹೋಲಿಸುವುದು ಲೇಸು. ಉದಾಹರಣೆಗೆ, 1,200 ರೂಪಾಯಿಯ ದುರಸ್ತಿಯಿಂದ ಗೀಸರ್ 2 ವರ್ಷ ಬಾಳಿದರೆ ವರ್ಷಕ್ಕೆ 600 ರೂಪಾಯಿ. 6,000 ರೂಪಾಯಿಯ ಹೊಸದು 8 ವರ್ಷ ಬಾಳಿದರೆ 750 ರೂಪಾಯಿ. ಇಲ್ಲಿ ದುರಸ್ತಿಯೇ ಲಾಭ. ಅದೇ ದುರಸ್ತಿ ಒಂದೇ ವರ್ಷ ಬಾಳುವುದಾದರೆ ಲೆಕ್ಕ ತಿರುಗುಮುರುಗಾಗುತ್ತದೆ.

ಇಂಧನದ ಹೋಲಿಕೆಯೂ ಸುಲಭ. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಷ್ಟು ಬಿಸಿಮಾಡಲು ಸುಮಾರು 45 ಗ್ರಾಂ ಎಲ್‌ಪಿಜಿ ಅಥವಾ ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. ತಮ್ಮ ಮನೆಯ ದರಗಳಿಂದ ಗುಣಿಸಿದರೆ ಉತ್ತರ ದೊರೆಯುತ್ತದೆ. ಹಳೆಯ ಕಟ್ಟಡಗಳಲ್ಲಿ ವಿದ್ಯುತ್ ಗೀಸರಿನ ಭಾರವನ್ನು ವೈರಿಂಗ್ ತಾಳಬಲ್ಲುದೇ ಎಂದು ಮೊದಲೇ ಪರೀಕ್ಷಿಸಬೇಕು.

ಬದಲಾಯಿಸುವ ಮುನ್ನ

ಎಲ್‌ಪಿಜಿ ಗೀಸರಿಗೆ ಐಎಸ್ 15558 ಮಾನಕದ ಐಎಸ್‌ಐ ಮುದ್ರೆ ಇದೆಯೇ ಎಂದು ನೋಡಬೇಕು. ಸಿಲಿಂಡರಿನಿಂದ ಕೊಳವೆ ಗ್ಯಾಸಿಗೆ ಬದಲಾಗಿರುವ ಮನೆಗಳಲ್ಲಿ ಹಳೆಯ ಗೀಸರನ್ನು ನೇರವಾಗಿ ಜೋಡಿಸುವಂತಿಲ್ಲ. ಎರಡು ಅನಿಲಗಳ ಒತ್ತಡವೂ ಜೆಟ್‌ಗಳ ಅಳತೆಯೂ ಬೇರೆ. ತಯಾರಕರ ಅಧಿಕೃತ ತಂತ್ರಜ್ಞನಿಂದ ಪರಿವರ್ತನೆ ಸಾಧ್ಯವಿಲ್ಲದಿದ್ದರೆ ಕೊಳವೆ ಗ್ಯಾಸಿಗೆಂದೇ ತಯಾರಾದುದನ್ನು ಕೊಳ್ಳಬೇಕು. ಬಾಡಿಗೆ ಮನೆಯವರು ಈ ಖರ್ಚು ಯಾರದೆಂಬುದನ್ನು ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಒಳಿತು. ಗೋಡೆ ಕೊರೆಯುವ ಮುನ್ನ ಸೊಸೈಟಿಯ ಅನುಮತಿ ಪಡೆಯಬೇಕು.

ನಿರ್ಧಾರವಾಗುವ ತನಕ ಕೆಟ್ಟ ಗೀಸರಿನ ಗ್ಯಾಸ್ ವಾಲ್ವನ್ನು ಮುಚ್ಚಿಡಿ. ಎಲ್‌ಪಿಜಿ ಸೋರಿಕೆಯ ವಾಸನೆ ಬಂದರೆ ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು 1906 ಸಂಖ್ಯೆಗೆ ಕರೆ ಮಾಡಿ. ಕೊಳವೆ ಗ್ಯಾಸಿನವರು ಬಿಲ್ಲಿನ ಮೇಲಿರುವ ತುರ್ತು ಸಂಖ್ಯೆಯನ್ನು ಮನೆಮಂದಿಗೆಲ್ಲ ಕಾಣುವಂತೆ ಬರೆದಿಡಿ. ಸ್ನಾನಕ್ಕೆ ಹೋದವರು ಕರೆದರೂ ಓಗೊಡದಿದ್ದರೆ ಕಾಯಬೇಡಿ. ಬಾಗಿಲು ಒಡೆದಾದರೂ ತೆರೆದು, ಗ್ಯಾಸ್ ನಿಲ್ಲಿಸಿ, ಅವರನ್ನು ಕೂಡಲೇ ತೆರೆದ ಗಾಳಿಗೆ ತಂದು ಆಸ್ಪತ್ರೆಗೆ ಸಾಗಿಸಿ.