ತಣ್ಣನೆಯ ಲಹಾರ್

ಪೂರ್ವ ಜಾವಾದ ಕೆಲೂದ್ ಜ್ವಾಲಾಮುಖಿಯ ಸುತ್ತಮುತ್ತ ಒಂದು ಐತಿಹ್ಯ ಹೇಳುತ್ತಾರೆ. ಎತ್ತಿನ ತಲೆಯ ಲೆಂಬು ಸುರ ರಾಜಕುಮಾರಿಯನ್ನು ವರಿಸಲು ಬಂದನಂತೆ. ಬೆಟ್ಟದ ಮೇಲೊಂದು ಬಾವಿ ತೋಡು ಎಂದರು. ತೋಡುತ್ತ ಆಳಕ್ಕಿಳಿದವನ ಮೇಲೆ ಕಲ್ಲುಮಣ್ಣು ಸುರಿದು ಹೂತೇಬಿಟ್ಟರು. ಸಾಯುವಾಗ ಆತ ಕೊಟ್ಟ ಶಾಪ: ಕೆದಿರಿ ಹೊಳೆಯಾಗಲಿ, ಬ್ಲಿತಾರ್ ಬಯಲಾಗಲಿ, ತುಲುಂಗಾಗುಂಗ್ ಮಡುವಾಗಲಿ.

ಜ್ವಾಲಾಮುಖಿಯ ಶಾಪದಲ್ಲಿ ಬೆಂಕಿಯ ಸುದ್ದಿಯೇ ಇಲ್ಲ! ಅಲ್ಲಿನವರನ್ನು ತಲೆಮಾರುಗಳಿಂದ ಕಾಡಿದ್ದು ಬೆಟ್ಟದಿಂದ ನುಗ್ಗಿಬರುವ ಕೆಸರು. ಅದಕ್ಕೆ ಜಾವಾದವರು ಇಟ್ಟ ಹೆಸರು ಲಹಾರ್. ಕನ್ನಡದ ಕಿವಿಗೆ ಕೂಡಲೇ ‘ಲಹರಿ’ ನೆನಪಾದೀತು. ನಂಟು ಕಲ್ಪಿಸಲು ಆಧಾರವೇನೂ ಕಾಣದು.

1919ರ ಮೇ ತಿಂಗಳಲ್ಲಿ ಕೆಲೂದ್ ಸಿಡಿದಾಗ ಅದರ ಬಾಯಲ್ಲಿದ್ದ ಕೆರೆಯಲ್ಲಿ ಸುಮಾರು 4 ಕೋಟಿ ಘನ ಮೀಟರ್ ನೀರಿತ್ತು. ಅಷ್ಟೂ ನೀರು ಬೂದಿ, ಬಂಡೆಗಳನ್ನು ಬಾಚಿಕೊಂಡು ಇಳಿಯಿತು. ಒಂದು ಗಂಟೆಯೊಳಗೆ 38 ಕಿಲೋಮೀಟರ್ ದೂರ ಹೋಯಿತು. 5,000ಕ್ಕೂ ಹೆಚ್ಚು ಜನ ಸತ್ತರು. ಡಚ್ ಭೂವಿಜ್ಞಾನಿ ಬೆರೆಂಡ್ ಎಷರ್ 1922ರಲ್ಲಿ ಇಂಥ ಕೆಸರು ಹರಿವಿನ ಬಗ್ಗೆ ಬರೆಯುತ್ತ ಸ್ಥಳೀಯರ ಪದವನ್ನೇ ಉಳಿಸಿಕೊಂಡ. ವಿಜ್ಞಾನದ ನಿಘಂಟಿಗೆ ಅದು ಸೇರಿದ್ದು ಹೀಗೆ. (ಮುಗಿಯದ ಮೆಟ್ಟಿಲುಗಳ ವಿಚಿತ್ರ ಚಿತ್ರಗಳ ಕಲಾವಿದ ಎಂ.ಸಿ. ಎಷರ್ ಇವನ ಮಲತಮ್ಮ.) 1919ರ ದುರಂತದ ನಂತರ ಎಂಜಿನಿಯರುಗಳು ಕೆಲೂದ್ ಬೆಟ್ಟಕ್ಕೆ ಸುರಂಗ ಕೊರೆದು ಕೆರೆಯ ನೀರನ್ನು 20 ಲಕ್ಷ ಘನ ಮೀಟರಿನ ಆಸುಪಾಸಿಗೆ ಇಳಿಸಿದರು. 1951ರ ಸ್ಫೋಟದಲ್ಲಿ ಸತ್ತವರು ಬೆರಳೆಣಿಕೆಯಷ್ಟು. ಆದರೆ ಆ ಸ್ಫೋಟ ಸುರಂಗವನ್ನೂ ಹಾಳುಗೆಡವಿತು, ಕೆರೆ ಮತ್ತೆ ತುಂಬಿತು. 1966ರಲ್ಲಿ ಲಹಾರ್ 200ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು.

ವಿಜ್ಞಾನಿಗಳ ಬಾಯಲ್ಲಿ ಲಹಾರ್ ಅಂದರೆ ಜ್ವಾಲಾಮುಖಿಯ ಬೂದಿ, ಕಲ್ಲು, ನೀರು ಬೆರೆತು ಹರಿಯುವ ರಾಡಿ, ಹೆಚ್ಚುಕಡಿಮೆ ಹಸಿ ಕಾಂಕ್ರೀಟಿನ ಹಾಗೆ. ತವರಿನಲ್ಲಿ ಪದಕ್ಕೆ ಅಷ್ಟು ಕಟ್ಟುಪಾಡಿಲ್ಲ. ಕೆಂಪಗೆ ಕಾದ ಲಾವಾವನ್ನೂ ಇಂಡೊನೇಷ್ಯಾದ ಜನ ಲಹಾರ್ ಎಂದೇ ಕರೆಯುವುದುಂಟು. ಹಳೆಯ ಬೂದಿಯನ್ನು ಮಳೆ ಕೊಚ್ಚಿ ತಂದರೆ ಅದು ‘ಲಹಾರ್ ದಿಂಗಿನ್’, ತಣ್ಣನೆಯ ಲಹಾರ್. ಸುಮಾತ್ರಾದ ಮರಾಪಿ ಜ್ವಾಲಾಮುಖಿಯ ತಪ್ಪಲಿನಲ್ಲಿ 2024ರ ಮೇ 11ರ ರಾತ್ರಿ ಬಂದದ್ದು ಇದೇ. 60ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂದೇ ಸ್ಫೋಟವಾಗಬೇಕಿರಲಿಲ್ಲ, ಹಿಂದಿನ ತಿಂಗಳುಗಳ ಬೂದಿ, ಜೋರು ಮಳೆ ಇಷ್ಟೇ ಸಾಕಾಯಿತು. ‘ತಣ್ಣನೆ’ ಎಂಬಷ್ಟು ಮೋಸದ ವಿಶೇಷಣ ಬೇರೆ ಸಿಗುವುದು ಕಷ್ಟ.

ಕೊಲಂಬಿಯಾದಲ್ಲಿ ಈ ಪದ ಜನರ ಬಾಯಿಗೆ ಹತ್ತಲೇ ಇಲ್ಲ. ಅಲ್ಲಿಯವರ ಮಾತಿನಲ್ಲಿ ಅದು ‘ಅವಲಾಂಚಾ’. 1985ರ ನವೆಂಬರ್ 13ರ ರಾತ್ರಿ ನೆವಾದೊ ದೆಲ್ ರೂಯಿಸ್ ಜ್ವಾಲಾಮುಖಿ ಸಿಡಿದು ನೆತ್ತಿಯ ಹಿಮದ ಒಂದಿಷ್ಟು ಪಾಲನ್ನಷ್ಟೇ ಕರಗಿಸಿತು. ಆ ನೀರು ಕಣಿವೆಯುದ್ದಕ್ಕೂ ಮಣ್ಣುಕಲ್ಲು ಎಳೆದುಕೊಂಡು ಉಬ್ಬುತ್ತ, ಎರಡೂವರೆ ಗಂಟೆಯಲ್ಲಿ ಆರ್ಮೆರೊ ಪಟ್ಟಣ ತಲುಪಿತು. ಆ ದುರಂತದಲ್ಲಿ ಸುಮಾರು 23,000 ಜನ ಸತ್ತರು. ಅಪಾಯದ ನಕ್ಷೆ ಹಿಂದಿನ ತಿಂಗಳೇ ಸಿದ್ಧವಾಗಿತ್ತು. ಎರಡೂವರೆ ಗಂಟೆ ಕಡಿಮೆ ಹೊತ್ತೇನಲ್ಲ, ಎತ್ತರದ ಜಾಗ ಹತ್ತಲು ಧಾರಾಳವಾಗಿ ಸಾಕಿತ್ತು. ಅಂಥ ಹೊತ್ತು ವ್ಯರ್ಥವಾಗಬಾರದೆಂದು ಅಮೆರಿಕದ ಮೌಂಟ್ ರೇನಿಯರ್ ಜ್ವಾಲಾಮುಖಿಯ ಕೆಳಗಿನ ಆರ್ಟಿಂಗ್ ಪಟ್ಟಣದಲ್ಲಿ ಈಗ ಶಾಲೆಯ ಮಕ್ಕಳು ಲಹಾರ್ ಕವಾಯತು ಮಾಡುತ್ತಾರೆ; ಸೈರನ್ ಕೂಗಿದರೆ ಯಾವ ದಿಕ್ಕಿಗೆ ನಡೆಯಬೇಕೆಂದು ಅವರಿಗೆ ಗೊತ್ತು.

ಫಿಲಿಪ್ಪೀನ್ಸ್‌ನಲ್ಲಿ ಪದ ಮನೆಮಾತಾದದ್ದು 1991ರ ಪಿನತೂಬೊ ಸ್ಫೋಟದ ನಂತರ. ಪ್ರತಿ ಮಳೆಗಾಲವೂ ಗುಡ್ಡದ ಬೂದಿ ಇಳಿದು ಬರುತ್ತಿತ್ತು. ಸ್ಫೋಟವಾಗಿ ನಾಲ್ಕು ವರ್ಷ ಕಳೆದ ಮೇಲೆ, 1995ರಲ್ಲಿ, ಬಕೊಲೋರ್ ಊರು ಹೂತುಹೋಯಿತು. ಅಲ್ಲಿನ ಸಾನ್ ಗಿಯೆರ್ಮೊ ಚರ್ಚು ಅರ್ಧದವರೆಗೆ ನೆಲದೊಳಗಾಗಿ, ಕಿಟಕಿಗಳಿದ್ದ ಕಡೆಯೇ ಬಾಗಿಲಾಯಿತು. ಈಗ ಬಕೊಲೋರ್ ಇರುವ ಪಂಪಾಂಗ ಪ್ರಾಂತ್ಯದಲ್ಲಿ ಲಹಾರ್ ಅನ್ನುವುದು ಮಾರುವ ಸರಕಿನ ಹೆಸರೂ ಹೌದು. ಲಾರಿಗಳಲ್ಲಿ ತುಂಬಿ ಸಾಗಿಸುವ ‘ಲಹಾರ್ ಮರಳು’ ಮನೆ ಕಟ್ಟಲು ಬಳಕೆಯಾಗುತ್ತದೆ. ಅದನ್ನು ತೋಡುವ ಗುತ್ತಿಗೆಗಾಗಿ ಜಗಳಗಳಾಗುತ್ತವೆ, ತೆರಿಗೆ ಪ್ರಾಂತ್ಯದ ಬೊಕ್ಕಸಕ್ಕೆ ಹೋಗುತ್ತದೆ.