ಅಂತರರಾಷ್ಟ್ರೀಯ ದೂರವಾಣಿ ಕರೆ: ಅನುಗೊಂಡನಹಳ್ಳಿ ಸೀಮೆಯ ಚರಿತ್ರೆ

ಒಂದು ದೇಶದಲ್ಲಿರುವವರು ಇನ್ನೊಂದು ದೇಶದಲ್ಲಿರುವವರೊಡನೆ ರೇಡಿಯೊ, ಉಪಗ್ರಹ, ಸಮುದ್ರತಳದ ಕೇಬಲ್ಲು ಅಥವಾ ಅಂತರ್ಜಾಲದ ಮೂಲಕ ಮಾತನಾಡುವ ವ್ಯವಸ್ಥೆಗೆ ಅಂತರರಾಷ್ಟ್ರೀಯ ದೂರವಾಣಿ ಕರೆ ಎಂದು ಹೆಸರು. ಜನರ ಬಾಯಲ್ಲಿ ಇದು ಮೊದಲು ‘ಫಾರಿನ್ ಟ್ರಂಕ್ ಕಾಲ್’, ಆಮೇಲೆ ‘ಐಎಸ್‌ಡಿ’, ಈಗ ಬರೀ ‘ಕಾಲ್’. ಇಲ್ಲಿ ಅದರ ಚರಿತ್ರೆಯನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆ ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಅನುಗೊಂಡನಹಳ್ಳಿಯ ಕಡೆಯಿಂದ ನೋಡಲಾಗಿದೆ. ಮಾತು ಸಮುದ್ರ ದಾಟಿದ್ದು 1933ರಲ್ಲಿ. ಅದೇ ಮಾತು ಬೆಂಗಳೂರಿನ ಎಕ್ಸ್‌ಚೇಂಜಿನಿಂದ ಹೊರಟು ನಗರದ ಮಗ್ಗುಲಿನ ಹೋಬಳಿಗಳಿಗೆ ಸಲೀಸಾಗಿ ತಲುಪಲು ಇನ್ನೂ ಅರವತ್ತು ವರ್ಷ ಹಿಡಿಯಿತು. ಸಾವಿರಾರು ಮೈಲಿ ಸಾಗರಕ್ಕಿಂತ ಕೊನೆಯ ಹತ್ತಿಪ್ಪತ್ತು ಮೈಲಿಯೇ ಕಷ್ಟವಾಯಿತು ಎಂಬುದು ಈ ಚರಿತ್ರೆಯ ತಿರುಳು.

ಆರಂಭ

ಭಾರತದಲ್ಲಿ ದೂರವಾಣಿ ಶುರುವಾದದ್ದು 1882ರ ಜನವರಿ 28ರಂದು. ಅಂದು ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಎಕ್ಸ್‌ಚೇಂಜುಗಳು ತೆರೆದವು. ಅಷ್ಟು ಹೊತ್ತಿಗೆ ವಿದೇಶದ ಸುದ್ದಿ ತಂತಿಯಲ್ಲಿ ಬರುತ್ತಿತ್ತು: 1870ರಲ್ಲಿಯೇ ಬೊಂಬಾಯಿಯಿಂದ ಏಡನ್ ಮತ್ತು ಸೂಯೆಜ್ ಕಡೆಗೆ ಸಮುದ್ರದಡಿ ಟೆಲಿಗ್ರಾಫ್ ಕೇಬಲ್ಲು ಹಾಕಿಯಾಗಿತ್ತು. ಆದರೆ ಆ ಕೇಬಲ್ಲು ಸಂಕೇತವನ್ನು ಸಾಗಿಸುತ್ತಿತ್ತೇ ಹೊರತು ದನಿಯನ್ನಲ್ಲ. ದನಿಗೆ ದಾರಿ ಮಾಡಿಕೊಟ್ಟದ್ದು ಕಿರುತರಂಗ ರೇಡಿಯೊ. 1927ರಲ್ಲಿ ಪುಣೆಯ ಬಳಿಯ ಕೇಂದ್ರದಿಂದ ಇಂಗ್ಲೆಂಡಿಗೆ ಬೀಮ್ ವೈರ್‌ಲೆಸ್ ತಂತಿ ಸೇವೆ ಆರಂಭವಾಯಿತು. 1933ರ ಮೇ 1ರಂದು ಭಾರತ ಮತ್ತು ಬ್ರಿಟನ್ ನಡುವೆ ರೇಡಿಯೊ ದೂರವಾಣಿ ತೆರೆಯಿತು.

ಆ ಕರೆ ಗವರ್ನರುಗಳಿಗೆ, ದೊಡ್ಡ ವ್ಯಾಪಾರಿಗಳಿಗೆ ಮಾತ್ರ ಎಟಕುವಂಥದು. ಕಿರುತರಂಗದ ಅಲೆಗಳು ವಾಯುಮಂಡಲದ ಮೇಲಿನ ಅಯಾನು ಪದರಕ್ಕೆ ತಾಗಿ ಹಿಂತಿರುಗುತ್ತವೆ. ಸೂರ್ಯನ ಬಿಸಿಲಿಗೆ ತಕ್ಕಂತೆ ಆ ಪದರ ಬದಲಾಗುವುದರಿಂದ ದನಿ ಒಮ್ಮೆ ಗಟ್ಟಿಯಾಗಿ, ಒಮ್ಮೆ ಮಂಕಾಗಿ ಕೇಳುತ್ತಿತ್ತು. ದಿನದ ಕೆಲವೇ ಗಂಟೆ ಸೇವೆ ಇರುತ್ತಿತ್ತು. 1947ರ ಜನವರಿ 1ರಂದು ಸರ್ಕಾರ ಈ ಕೆಲಸವನ್ನು ಖಾಸಗಿ ಕಂಪನಿಯಿಂದ ತನ್ನ ವಶಕ್ಕೆ ತೆಗೆದುಕೊಂಡು ಸಾಗರೋತ್ತರ ಸಂಪರ್ಕ ಸೇವೆಯನ್ನು ಸ್ಥಾಪಿಸಿತು. ಇದೇ 1986ರ ಏಪ್ರಿಲ್ 1ರಂದು ವಿದೇಶ್ ಸಂಚಾರ್ ನಿಗಮ್, ಅಂದರೆ ವಿಎಸ್‌ಎನ್‌ಎಲ್ ಆಯಿತು.

ಫೋನು ತಯಾರಾಗುವ ಊರಿನ ಪಕ್ಕದಲ್ಲಿ

ಬೆಂಗಳೂರಿನಿಂದ ಹಳೇ ಮದ್ರಾಸು ರಸ್ತೆಯಲ್ಲಿ ಹೊಸಕೋಟೆಗೆ ಹೊರಟರೆ ಕೃಷ್ಣರಾಜಪುರಕ್ಕೆ ಮೊದಲು ದೂರವಾಣಿನಗರ ಸಿಗುತ್ತದೆ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, 1948ರಲ್ಲಿ ಇಲ್ಲಿ ಸ್ಥಾಪನೆಯಾಯಿತು. ಇದು ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ. ಮೈಸೂರು ಸರ್ಕಾರವೂ ಅದರಲ್ಲಿ ಪಾಲುದಾರನಾಗಿತ್ತು, ಬ್ರಿಟನ್ನಿನ ಒಂದು ಕಂಪನಿಯಿಂದ ತಂತ್ರಜ್ಞಾನ ಬಂತು. ದೇಶದ ಮೂಲೆಮೂಲೆಯ ಕಚೇರಿಗಳಲ್ಲಿ ದಶಕಗಟ್ಟಲೆ ರಿಂಗಾದ ಭಾರದ ಕಪ್ಪು ಫೋನು ಮತ್ತು ಎಕ್ಸ್‌ಚೇಂಜಿನ ಸ್ಟ್ರೌಜರ್ ಯಂತ್ರಗಳು ಇಲ್ಲಿಂದ ಹೋದವು.

ದೇಶಕ್ಕೆಲ್ಲ ಫೋನು ಮಾಡಿ ಕಳಿಸುತ್ತಿದ್ದ ಕಾರ್ಖಾನೆ ಇಷ್ಟು ಸಮೀಪದಲ್ಲಿದ್ದರೂ ಪಕ್ಕದ ಹಳ್ಳಿಗಳ ಮನೆಯಲ್ಲಿ ಫೋನು ಇರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕೊರತೆ ಬರೀ ಯಂತ್ರದ್ದಾಗಿರಲಿಲ್ಲ. ನಗರಗಳಲ್ಲಿಯೇ ಅರ್ಜಿ ಹಾಕಿದವರು ವರ್ಷಾನುಗಟ್ಟಲೆ ಕಾಯಬೇಕಾದ ಕಾಲದಲ್ಲಿ ಹಳ್ಳಿಗೆ ತಂತಿ ಎಳೆಯುವುದನ್ನು ನಷ್ಟದ ಬಾಬತ್ತು ಎಂದು ಇಲಾಖೆ ಬಗೆದಿತ್ತು. ಹಳ್ಳಿಯವರಿಗೆ ತುರ್ತು ಸುದ್ದಿ ಬರುತ್ತಿದ್ದದ್ದು ಅಂಚೆ ಕಚೇರಿಯ ತಂತಿಯ ರೂಪದಲ್ಲಿ. ಮಾತನಾಡಲೇಬೇಕಾದರೆ ಪೇಟೆಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಇಂಥವರೇ ಫೋನಿಗೆ ಬರಲಿ ಎಂದು ಕೇಳಿಕೊಳ್ಳುವ ಪಿ.ಪಿ. ಕಾಲಿಗೆ ಹೆಚ್ಚಿನ ದರ. ವಿದೇಶದ ಕರೆಯಾದರೆ ಬೆಂಗಳೂರಿನ ಆಪರೇಟರ್ ಮುಂಬಯಿಯ ಅಥವಾ ಮದ್ರಾಸಿನ ಸಾಗರೋತ್ತರ ಎಕ್ಸ್‌ಚೇಂಜನ್ನು ಹಿಡಿಯಬೇಕು, ಅಲ್ಲಿನವರು ಆಚೆ ದೇಶದವರನ್ನು ಕರೆಯಬೇಕು. ಕೊನೆಗೆ ಲೈನು ಸಿಕ್ಕಾಗ ಮೂರು ನಿಮಿಷ ಮಾತು. ಪಿ.ಪಿ. ಎಂಬ ಎರಡಕ್ಷರ ಆಮೇಲೆ ಬೇರೆ ಬದುಕನ್ನೂ ಪಡೆಯಿತು. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡುಗಳ ಮೇಲೆ ‘ಪಿ.ಪಿ.’ ಎಂದು ಬರೆದು ಕೊಡುತ್ತಿದ್ದ ನಂಬರು ನೆರೆಮನೆಯದು ಅಥವಾ ಅಂಗಡಿಯದು. ಕರೆ ಬಂದರೆ ಅವರು ಓಡಿ ಬಂದು ಕೂಗುತ್ತಿದ್ದರು.

ಉಪಗ್ರಹ ಮತ್ತು ಕೇಬಲ್ಲು

1971ರಲ್ಲಿ ಪುಣೆ ಜಿಲ್ಲೆಯ ಆರ್ವಿಯಲ್ಲಿ ಉಪಗ್ರಹ ಭೂಕೇಂದ್ರ ಕೆಲಸ ಆರಂಭಿಸಿತು. ಹಿಂದೂ ಮಹಾಸಾಗರದ ಮೇಲಿನ ಇಂಟೆಲ್‌ಸ್ಯಾಟ್ ಉಪಗ್ರಹದ ಮೂಲಕ ದನಿ ಹಗಲಿರುಳೂ ಸ್ಪಷ್ಟವಾಗಿ ಬರತೊಡಗಿತು. ಒಂದೇ ತೊಡಕೆಂದರೆ ವಿಳಂಬ. ಭೂಸ್ಥಿರ ಉಪಗ್ರಹ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿದೆ. ಬೆಳಕಿನ ವೇಗದಲ್ಲಿ ಹೋದರೂ ದನಿ ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು. ‘ಹೇಗಿದ್ದೀರಿ’ ಎಂದವರು ಉತ್ತರ ಬರಲಿಲ್ಲವೆಂದು ಮತ್ತೆ ‘ಹಲೋ’ ಎನ್ನುವಷ್ಟರಲ್ಲಿ ಅತ್ತಲಿಂದ ಉತ್ತರವೂ ಬಂದು ಎರಡು ಮಾತೂ ಡಿಕ್ಕಿ ಹೊಡೆಯುತ್ತಿದ್ದವು. ಆ ಕಾಲದವರು ಫೋನಿನಲ್ಲಿ ಮಾತನಾಡಿ, ಒಂದು ಗಳಿಗೆ ಸುಮ್ಮನಿದ್ದು ಕೇಳಿಸಿಕೊಳ್ಳುವ ಅಭ್ಯಾಸ ಬೆಳೆಸಿಕೊಂಡದ್ದಕ್ಕೆ ಕಾರಣ ಇದು. ಬಳಿಕ ಮಾತಿಗೂ ಸಮುದ್ರತಳದ ದಾರಿ ಆಯಿತು: 1981ರಲ್ಲಿ ಮದ್ರಾಸು–ಪೆನಾಂಗ್, 1986ರಲ್ಲಿ ಮುಂಬಯಿ–ಯುಎಇಯ ಫುಜೈರಾ, 1990ರ ದಶಕದಲ್ಲಿ ಬೆಳಕಿನ ಎಳೆಯ ಕೇಬಲ್ಲುಗಳು. ಇವುಗಳಿಂದ ವಿಳಂಬದ ಕಾಟ ತಪ್ಪಿತು.

ಮುಂಬಯಿ–ಫುಜೈರಾ ದಾರಿಯ ಪ್ರಯೋಜನ ಮೊದಲು ಪಡೆದವರಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಮನೆಗಳವರು ಇದ್ದರು. ಗಲ್ಫ್‌ಗೆ ದುಡಿಯಲು ಹೋದವರ ಊರುಗಳವು. ಕಾಗದದ ಜೊತೆ ದನಿ ತುಂಬಿದ ಕ್ಯಾಸೆಟ್ಟನ್ನೂ ಊರಿಗೆ ಹೊರಟವರ ಕೈಲಿ ಕೊಟ್ಟು ಕಳಿಸುತ್ತಿದ್ದ ಕುಟುಂಬಗಳು ಕ್ರಮೇಣ ಫೋನಿಗೆ ಹೊರಳಿದವು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಕುವೈತಿನ ಲೈನು ಕಡಿದುಹೋಯಿತು. ಫೋನು ಎಷ್ಟು ಅನಿವಾರ್ಯವಾಗಿತ್ತು ಎಂಬುದು ಕರಾವಳಿಯ ಮನೆಗಳಿಗೆ ಆ ವಾರಗಳಲ್ಲಿ ಅರಿವಾಯಿತು.

ಕಿತ್ತೂರಿನಿಂದ ಹಳ್ಳಿಗಳಿಗೆ

ಕರ್ನಾಟಕದ ಮಟ್ಟಿಗೆ, ಬಹುಶಃ ಇಡೀ ದೇಶದ ಮಟ್ಟಿಗೂ, ಈ ಚರಿತ್ರೆಯ ಅತ್ಯಂತ ಮುಖ್ಯ ಘಟನೆ ನಡೆದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. 1984ರಲ್ಲಿ ಸ್ಥಾಪನೆಯಾದ ಸಿ–ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ, 128 ಲೈನಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ರೂಪಿಸಿತು. ಮೊದಲನೆಯದು 1986ರಲ್ಲಿ ಕಿತ್ತೂರಿನಲ್ಲಿ ಚಾಲೂ ಆಯಿತು. ವಿದೇಶದಿಂದ ತಂದ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಇದಕ್ಕೆ ಬೇಕಾದದ್ದು ಸಾಮಾನ್ಯ ಕೋಣೆ ಮತ್ತು ಬ್ಯಾಟರಿ; ಸೆಕೆ, ಧೂಳು ತಡೆದುಕೊಂಡು ನಡೆಯುತ್ತಿತ್ತು. ಸಿ–ಡಾಟ್‌ನ ದೊಡ್ಡ ಎಕ್ಸ್‌ಚೇಂಜನ್ನು ಬೆಂಗಳೂರಿನ ಹಲಸೂರಿನಲ್ಲಿ ಪರೀಕ್ಷಿಸಲಾಯಿತು.

ಸಾಗರೋತ್ತರ ಕರೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಉಪಗ್ರಹ, ಕೇಬಲ್ಲುಗಳ ಹೆಸರಷ್ಟೇ ಹೇಳುತ್ತಾರೆ. ಅದು ಅರ್ಧ ಕಥೆ. ಹೋಬಳಿಯಲ್ಲೊಂದು ಸ್ವಯಂಚಾಲಿತ ಎಕ್ಸ್‌ಚೇಂಜು ಇಲ್ಲದೆ ಆರ್ವಿಯ ಡಿಶ್ಶಿನಿಂದ ಅನುಗೊಂಡನಹಳ್ಳಿಯಂಥ ಊರಿಗೆ ಏನೂ ಸಿಗುತ್ತಿರಲಿಲ್ಲ. ಎಕ್ಸ್‌ಚೇಂಜು ಬಂದ ಮೇಲೆ ಆಪರೇಟರನ್ನು ಕೇಳದೆ, ಮೊದಲು ಎರಡು ಸೊನ್ನೆ, ಆಮೇಲೆ ದೇಶದ ಸಂಖ್ಯೆ, ಊರಿನ ಸಂಖ್ಯೆ, ಮನೆಯ ಸಂಖ್ಯೆ ಎಂದು ಸಾಲಾಗಿ ಒತ್ತಿದರೆ ಸಾಕಾಯಿತು. ಅಮೆರಿಕಕ್ಕೆ 1, ಬ್ರಿಟನ್ನಿಗೆ 44, ಸಿಂಗಪುರಕ್ಕೆ 65, ಯುಎಇಗೆ 971. ಅಲ್ಲಿಂದ ಇಲ್ಲಿಗಾದರೆ 91. ಊರಿನ ಕೋಡಿನ ಮುಂದಿನ ಸೊನ್ನೆಯನ್ನು ಬಿಡಬೇಕೆಂಬುದು ತಿಳಿಯದೆ 91ರ ನಂತರ 080 ಎಂದೇ ಒತ್ತಿ ಸೋತವರು ಬಹಳ.

ಬೂತಿನ ಕಾಲ

1990ರ ದಶಕ ಹಳದಿ ಬೋರ್ಡಿನ ಎಸ್‌ಟಿಡಿ–ಐಎಸ್‌ಡಿ–ಪಿಸಿಓ ಬೂತುಗಳ ಕಾಲ. ಜೆರಾಕ್ಸ್ ಅಂಗಡಿ, ಕಿರಾಣಿ, ಮೆಡಿಕಲ್ ಸ್ಟೋರುಗಳ ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ಗೂಡು. ಒಳಗೊಂದು ಸ್ಟೂಲು, ಫೋನು, ಗೋಡೆಗೆ ಅಂಟಿಸಿದ ಕೋಡುಗಳ ಪಟ್ಟಿ. ಕಣ್ಣೆದುರೇ ಕೆಂಪು ಅಂಕಿಗಳ ಮೀಟರು. ಆ ಕಡೆಯವರು ಎತ್ತಿದ ಕ್ಷಣ ಎಕ್ಸ್‌ಚೇಂಜು ಲೈನಿನ ಮೇಲೆ ಸಂಜ್ಞೆ ಕಳಿಸುತ್ತಿತ್ತು. ಪ್ರತಿ ಸಂಜ್ಞೆಗೂ ಮೀಟರು ಒಂದು ಯೂನಿಟ್ ಏರಿಸುತ್ತಿತ್ತು. ಬೆಂಗಳೂರಿನ ಕರೆಗೆ ನಿಧಾನವಾಗಿ ಬದಲಾಗುವ ಅಂಕಿ ಅಮೆರಿಕದ ಕರೆಗೆ ಓಡುತ್ತಿತ್ತು. ಮಗಳ ದನಿ ಕೇಳುವಾಗಲೂ ತಾಯಿಯ ಕಣ್ಣು ಮೀಟರಿನ ಮೇಲೆ. ಮಾತು ಮುಗಿದು ಹೊರಬಂದರೆ ಪುಟ್ಟ ಪ್ರಿಂಟರು ನಂಬರು, ಹೊತ್ತು, ಯೂನಿಟ್ಟು, ಮೊತ್ತ ಮುದ್ರಿಸಿದ ಚೀಟಿಯನ್ನು ಕರಕರ ಎಂದು ಹೊರಹಾಕುತ್ತಿತ್ತು. ಬೂತಿನವರಿಗೆ ಕಮಿಷನ್ನು. ಅಂಗವಿಕಲರಿಗೆ ಬೂತು ಮಂಜೂರು ಮಾಡುವಾಗ ಆದ್ಯತೆ ಇತ್ತು. ಎಷ್ಟೋ ಮನೆಗಳು ಅದರ ಮೇಲೆ ನಡೆದವು.

ದುಬಾರಿ ದರಕ್ಕೆ ಜನ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಇಲ್ಲಿಂದ ಕರೆ ಮಾಡಿ ‘ಬೂತಿನಲ್ಲಿದ್ದೇವೆ, ನೀನೇ ಮಾಡು’ ಎಂದು ಇಟ್ಟುಬಿಡುವುದು. ಅಲ್ಲಿಂದ ಮಗ ಪ್ರಿಪೇಯ್ಡ್ ಕಾರ್ಡಿನಲ್ಲಿ ತಿರುಗಿ ಮಾಡುವುದು. ಕೆಲವು ಬೂತಿನವರು ಒಳಬರುವ ಕರೆಗೂ ಒಂದಿಷ್ಟು ಪಡೆಯುತ್ತಿದ್ದರು. ಕ್ಯಾಲಿಫೋರ್ನಿಯಾದ ಚಳಿಗಾಲದ ಶನಿವಾರ ಸಂಜೆ ಆರು ಗಂಟೆಯೆಂದರೆ ಇಲ್ಲಿ ಭಾನುವಾರ ಬೆಳಗ್ಗೆ ಏಳೂವರೆ. ಹಾಗಾಗಿ ಭಾನುವಾರ ಬೆಳಗ್ಗೆ ಫೋನಿರುವ ಮನೆ ಬಿಟ್ಟು ಯಾರೂ ಕದಲುತ್ತಿರಲಿಲ್ಲ.

ಅನುಗೊಂಡನಹಳ್ಳಿಗೆ ಹತ್ತಿರದ ಕಾಡುಗೋಡಿ, ವೈಟ್‌ಫೀಲ್ಡ್‌ಗಳಲ್ಲಿ ವಿದೇಶದ ನಂಟಿಗೆ ಇನ್ನೆರಡು ಕಾರಣಗಳಿದ್ದವು. ಒಂದು, ಸತ್ಯ ಸಾಯಿಬಾಬಾ ಅವರ ಬೃಂದಾವನ ಆಶ್ರಮಕ್ಕೆ ಹಲವು ದೇಶಗಳಿಂದ ಬರುತ್ತಿದ್ದ ಭಕ್ತರು. ಇನ್ನೊಂದು, ಸಾಫ್ಟ್‌ವೇರ್ ಉದ್ಯಮ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಎತ್ತಿನ ಗಾಡಿಯಲ್ಲಿ ಸಾಗಿಸಿದ ಉಪಗ್ರಹ ಉಪಕರಣದಿಂದ ಅಮೆರಿಕದೊಡನೆ ನೇರ ಸಂಪರ್ಕ ಸಾಧಿಸಿತು. 1990ರ ದಶಕದ ಕೊನೆಗೆ ವೈಟ್‌ಫೀಲ್ಡ್‌ನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಎದ್ದಿತು, ಹಿಂದೆಯೇ ಕಾಲ್ ಸೆಂಟರುಗಳು ಬಂದವು. ಪರದೇಶದವರೊಡನೆ ಫೋನಿನಲ್ಲಿ ಮಾತನಾಡುವುದೇ ರಾತ್ರಿ ಪಾಳಿಯ ಕೂಲಿಯಾಯಿತು. ಹಿಂದೆ ಟ್ರಂಕ್ ಕಾಲಿಗೆ ಪೇಟೆಗೆ ಹೋಗಿದ್ದ ಸೀಮೆಯ ರಸ್ತೆಗಳಲ್ಲಿ ನಡುರಾತ್ರಿ ಕಂಪನಿಗಳ ಕ್ಯಾಬುಗಳು ಓಡಾಡಿದವು.

ದರ ಇಳಿದದ್ದು

2002ರ ಏಪ್ರಿಲ್ 1ರಂದು ವಿದೇಶಿ ಕರೆಯ ಮೇಲೆ ವಿಎಸ್‌ಎನ್‌ಎಲ್‌ಗಿದ್ದ ಏಕಸ್ವಾಮ್ಯ ಕೊನೆಗೊಂಡಿತು. ಅದೇ ದಿನದಿಂದ ಅಂತರ್ಜಾಲದ ಮೂಲಕ ಮಾತನಾಡುವುದಕ್ಕೂ ಅನುಮತಿ ಸಿಕ್ಕಿತು. ದರ ಕುಸಿಯಿತು. 2003ರ ಮೇ 1ರಿಂದ ಮೊಬೈಲಿಗೆ ಬರುವ ಕರೆಗೆ ಹಣ ಕೊಡುವುದು ತಪ್ಪಿತು. ಬೂತಿನ ಬಾಗಿಲುಗಳು ಮುಚ್ಚತೊಡಗಿದವು.

ಈ ಹಂತದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಏರ್ಪಾಡು ಇತ್ತು. ಹಳ್ಳಿಯ ಸ್ಥಿರ ದೂರವಾಣಿಯನ್ನು ನಷ್ಟದಲ್ಲಿ ನಡೆಸುತ್ತಿದ್ದ ಬಿಎಸ್‌ಎನ್‌ಎಲ್‌ಗೆ ನೆರವಾಗಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಶುಲ್ಕ ವಿಧಿಸಿತು. ವಿದೇಶದಿಂದ ಬರುವ ಕರೆಯ ಮೇಲೆ 2004ರಲ್ಲಿ ಅದು ನಿಮಿಷಕ್ಕೆ 4 ರೂಪಾಯಿ 25 ಪೈಸೆ. ಆಚೆ ದೇಶದಲ್ಲಿರುವ ಮಗ ಊರಿಗೆ ಫೋನು ಮಾಡಿದಾಗಲೆಲ್ಲ ಹಳ್ಳಿಗಳ ತಂತಿಗೆ ಒಂದು ಪಾಲು ಸಂದಂತಾಯಿತು. ಉದ್ದೇಶ ಒಳ್ಳೆಯದೇ, ಫಲ ಮಾತ್ರ ಮಿಶ್ರ: ಶುಲ್ಕ ತಪ್ಪಿಸಲು ವಿದೇಶಿ ಕರೆಯನ್ನು ಅಂತರ್ಜಾಲದಲ್ಲಿ ತಂದು ಸ್ಥಳೀಯ ನಂಬರಿನಿಂದ ಬಂದಂತೆ ತೋರಿಸುವ ಕಳ್ಳ ಎಕ್ಸ್‌ಚೇಂಜುಗಳು ಹುಟ್ಟಿಕೊಂಡವು. ಶುಲ್ಕ ಹಂತಹಂತವಾಗಿ ಇಳಿದು 2008ರಲ್ಲಿ ರದ್ದಾಯಿತು. ಕಳ್ಳದಾರಿ ಉಳಿಯಿತು. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಸೇನಾ ಗುಪ್ತಚರ ವಿಭಾಗದ ಜೊತೆ ಸೇರಿ, ಇಂಥ ಕರೆಗಳನ್ನು ತಿರುಗಿಸಲು ಒಮ್ಮೆಗೆ 960 ಸಿಮ್ ಬಳಸಬಲ್ಲ 32 ಸಿಮ್ ಬಾಕ್ಸುಗಳನ್ನು ಹಿಡಿದರು.

ಇತ್ತೀಚಿನ ಸ್ಥಿತಿ

ವಾಟ್ಸ್‌ಆ್ಯಪ್‌ನಲ್ಲಿ 2015ರಲ್ಲಿ ದನಿಯ ಕರೆ, 2016ರ ನವೆಂಬರಿನಲ್ಲಿ ವಿಡಿಯೊ ಕರೆ ಬಂತು. ಅದೇ 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಡೇಟಾ ಅಗ್ಗವಾಯಿತು. ನಿಮಿಷದ ಲೆಕ್ಕವೇ ಹೋಯಿತು. ಈಗ ಅಜ್ಜಿಯರು ಮೊಮ್ಮಕ್ಕಳ ತೊಟ್ಟಿಲ ಶಾಸ್ತ್ರವನ್ನು ಮೊಬೈಲಿನಲ್ಲಿ ನೋಡಿ ಅಲ್ಲಿಂದಲೇ ಸೋಬಾನೆ ಹೇಳಿಕೊಡುತ್ತಾರೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ನಿರ್ಬಂಧ ಇರುವುದರಿಂದ ಅಲ್ಲಿರುವವರು ಬೇರೆ ಆ್ಯಪ್ ಹಿಡಿಯಬೇಕು; ಸೌದಿ ಅರೇಬಿಯಾ 2017ರಲ್ಲಿ ಇಂಥ ನಿರ್ಬಂಧವನ್ನು ಸಡಿಲಿಸಿತು.

ಫೋನು ತಯಾರಿಕೆಯೂ ಹಳೇ ಮದ್ರಾಸು ರಸ್ತೆಯ ಹೆದ್ದಾರಿಗೇ ಮರಳಿತು. ದೂರವಾಣಿನಗರದ ಐಟಿಐ ಸೊರಗಿದ ಮೇಲೆ, ಹೊಸಕೋಟೆ ದಾಟಿ ಕೋಲಾರದ ಕಡೆ ಹೋದರೆ ಸಿಗುವ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ತಲೆಯೆತ್ತಿತು. ವಿಸ್ಟ್ರಾನ್ ಕಟ್ಟಿದ ಅದನ್ನು 2023ರಲ್ಲಿ ಟಾಟಾ ಸಮೂಹ ಕೊಂಡಿತು.

ಅಗ್ಗದ ಕರೆಯ ಜೊತೆ ಮೋಸವೂ ಅಗ್ಗವಾಗಿದೆ. ವಿದೇಶದಲ್ಲಿ ಕುಳಿತು ಭಾರತದ ನಂಬರು ತೋರಿಸುತ್ತ, ಪೊಲೀಸರೆಂದು ಹೆದರಿಸಿ, ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ಜೀವಮಾನದ ಉಳಿತಾಯ ಕಿತ್ತುಕೊಳ್ಳುವ ಪ್ರಕರಣಗಳು ಹೆಚ್ಚಿವೆ. ಮಕ್ಕಳು ಹೊರದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯರು ಸುಲಭವಾಗಿ ಸಿಕ್ಕಿಬೀಳುತ್ತಾರೆ. ಇಂಥ ನಕಲಿ ಕರೆಗಳನ್ನು ದೇಶದ ಗಡಿಯಲ್ಲೇ ತಡೆಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್ 22ರಂದು ಜಾರಿಗೆ ತಂದಿತು. ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳನ್ನು ಅದು ತಡೆಯಿತು. ಹಣ ಕಳೆದುಕೊಂಡವರು ತಡಮಾಡದೆ ಕರೆಯಬೇಕಾದ ಸಂಖ್ಯೆ 1930.