ಹಣೆಯ ಅಕ್ಷರ ಕಳಚಿದ ಕಥೆ: ಎಪಿಡಾರಸ್ ಶಾಸನದಲ್ಲಿ ಹಚ್ಚೆ

ಶಾಸನ ಅಂದರೆ ನಮಗೆ ಕಲ್ಲು, ತಾಮ್ರಪಟ, ಹೆಚ್ಚೆಂದರೆ ಓಲೆ. ಮನುಷ್ಯನ ಚರ್ಮದ ಮೇಲೂ ಅಕ್ಷರ ಬರೆಸುತ್ತಿದ್ದರು, ಅದನ್ನು ಕಂಡವರು ಓದುತ್ತಿದ್ದರು ಅನ್ನೋದಕ್ಕೆ ಒಂದು ಕಲ್ಲಿನ ಶಾಸನವೇ ಸಾಕ್ಷಿ ಇದೆ. ಅದು ಗ್ರೀಸ್ ದೇಶದ ಎಪಿಡಾರಸ್‌ನದು.

ಹಳೆಯ ಹಚ್ಚೆಗಳ ಮಾತು ಬಂದರೆ ಸಾಮಾನ್ಯವಾಗಿ ಮೊದಲು ನೆನಪಾಗೋದು 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ‘ಓಟ್ಜಿ’. ಸುಮಾರು 5,300 ವರ್ಷ ಹಳೆಯ ಆ ದೇಹದ ಮೇಲೆ 61 ಗುರುತುಗಳನ್ನು ಎಣಿಸಿದ್ದಾರೆ. ಬಹಳಷ್ಟು ಸೊಂಟ, ಮೊಣಕಾಲು, ಕಣಕಾಲುಗಳ ಹತ್ತಿರದ ಸಣ್ಣ ಗೆರೆಗಳು. ನೋವಿನ ಚಿಕಿತ್ಸೆಗೆ ಹಾಕಿದ್ದಿರಬಹುದು ಎಂದು ಹಲವು ವಿದ್ವಾಂಸರ ಊಹೆ. ಹಿಮ ಮತ್ತು ಒಣ ಮರಳು ಚರ್ಮವನ್ನು ಕಾಪಾಡುತ್ತವೆ, ಗ್ರೀಸ್‌ನ ಮಣ್ಣು ಕಾಪಾಡುವುದಿಲ್ಲ. ಅಲ್ಲಿನ ಹಚ್ಚೆ ತಿಳಿಯಬೇಕಾದರೆ ನಾವು ಬರಹದ ಕಡೆಗೇ ಹೋಗಬೇಕು.

ಎಪಿಡಾರಸ್ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರ. ಕಾಯಿಲೆಯವರು ಆವರಣದಲ್ಲೇ ರಾತ್ರಿ ಮಲಗುತ್ತಿದ್ದರು. ದೇವರು ಕನಸಿನಲ್ಲಿ ಬಂದು ವಾಸಿ ಮಾಡುತ್ತಾನೆ ಎಂಬ ನಂಬಿಕೆ. ಹೀಗೆ ಗುಣವಾದವರ ಕಥೆಗಳನ್ನು ಕ್ರಿ.ಪೂ. 4ನೇ ಶತಮಾನದಲ್ಲಿ ಡೋರಿಕ್ ಉಪಭಾಷೆಯಲ್ಲಿ ಕಲ್ಲುಗಳ ಮೇಲೆ ಕೊರೆಸಿ ನಿಲ್ಲಿಸಿದರು. ಕ್ರಿ.ಶ. 2ನೇ ಶತಮಾನದಲ್ಲಿ ಪ್ರವಾಸಿ ಪೌಸೇನಿಯಸ್ ಹೋದಾಗ ಆರು ಕಲ್ಲುಗಳು ಉಳಿದಿದ್ದವು. 1880ರ ದಶಕದ ಉತ್ಖನನದಲ್ಲಿ ಅವುಗಳಲ್ಲಿ ಕೆಲವು ಮತ್ತೆ ಸಿಕ್ಕವು.

ಅದರಲ್ಲಿ ಥೆಸ್ಸಲಿಯ ಪಾಂಡರಸ್ ಎಂಬಾತನ ಕಥೆ ಬರುತ್ತದೆ. ಅವನ ಹಣೆಯ ಮೇಲೆ ಗುರುತುಗಳಿದ್ದವು. ಕನಸಿನಲ್ಲಿ ದೇವರು ಬಂದು ಹಣೆಗೆ ಪಟ್ಟಿ ಕಟ್ಟಿ, ಹೊರಗೆ ಹೋದಮೇಲೆ ಬಿಚ್ಚಿ ದೇವಸ್ಥಾನಕ್ಕೆ ಒಪ್ಪಿಸು ಅಂದನಂತೆ. ಬೆಳಗ್ಗೆ ಬಿಚ್ಚಿ ನೋಡಿದರೆ ಮುಖ ಚೊಕ್ಕಟ, ಅಕ್ಷರಗಳೆಲ್ಲ ಪಟ್ಟಿಗೆ ಹತ್ತಿಕೊಂಡಿವೆ!

ಮುಂದಿನ ಕಥೆ ಇನ್ನೂ ಸ್ವಾರಸ್ಯ. ಪಾಂಡರಸ್ ದೇವರಿಗೆ ಕಾಣಿಕೆ ಸಲ್ಲಿಸು ಅಂತ ಎಕೆಡೋರಸ್ ಎಂಬವನ ಕೈಲಿ ಹಣ ಕೊಟ್ಟಿದ್ದ. ಇವನ ಹಣೆಯಲ್ಲೂ ಗುರುತುಗಳಿದ್ದವು. ಕನಸಿನಲ್ಲಿ ದೇವರು ಆ ಹಣ ಎಲ್ಲಿ ಅಂತ ಕೇಳಿದರೆ, ತನ್ನ ಹತ್ತಿರ ಏನೂ ಇಲ್ಲ ಅಂದ. ದೇವರು ಪಾಂಡರಸ್‌ನ ಪಟ್ಟಿಯನ್ನೇ ಇವನಿಗೆ ಕಟ್ಟಿದ. ಬೆಳಗ್ಗೆ ನೀರಲ್ಲಿ ಮುಖ ನೋಡಿಕೊಂಡರೆ ತನ್ನ ಗುರುತುಗಳ ಜೊತೆಗೆ ಪಾಂಡರಸ್‌ನ ಅಕ್ಷರಗಳೂ ಸೇರಿಕೊಂಡಿದ್ದವು.

ಇಲ್ಲಿ ‘ಗುರುತು’ ಎಂದು ನಾನು ಬರೆದಿರುವ ಗ್ರೀಕ್ ಪದ ‘ಸ್ಟಿಗ್ಮಾ’. ಇಂಗ್ಲಿಷ್ ಅನುವಾದಗಳಲ್ಲಿ ಬಹುಕಾಲ ಇದನ್ನು ಕಾಯಿಸಿದ ಕಬ್ಬಿಣದ ಬರೆ ಎಂದೇ ಅರ್ಥ ಮಾಡುತ್ತಿದ್ದರು. ಅದು ಬಹುಪಾಲು ಸಂದರ್ಭಗಳಲ್ಲಿ ಹಚ್ಚೆ ಎಂದು ಸಿ. ಪಿ. ಜೋನ್ಸ್ 1987ರ ಲೇಖನವೊಂದರಲ್ಲಿ ವಾದಿಸಿದರು. ಕನ್ನಡ ಓದುಗರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ: ಮಾಧ್ವರ ತಪ್ತಮುದ್ರೆ ಬೇರೆ, ಅಜ್ಜಿಯ ಕೈಮೇಲಿನ ಹಚ್ಚೆ ಬೇರೆ. ‘ಸ್ಟಿಗ್ಮಾ’ ಬಂದಿರುವ ಧಾತುವಿನ ಅರ್ಥವೇ ಚುಚ್ಚುವುದು. ನನ್ನ ಎಂಜಿನಿಯರ್ ತಲೆಗೆ ಇನ್ನೊಂದು ಸಾಕ್ಷಿ ಕಾಣುತ್ತದೆ. ಶಾಸನವೇ ಅವನ್ನು ಮುಂದೆ ‘ಗ್ರಾಮಟಾ’, ಅಂದರೆ ಅಕ್ಷರಗಳು ಎನ್ನುತ್ತದೆ. ಅಂಗೈಯಗಲದ ಹಣೆಯಲ್ಲಿ ಸಾಲಾಗಿ ಅಕ್ಷರ ಬರೆಯಲು ಕಾದ ಕಬ್ಬಿಣಕ್ಕಿಂತ ಸೂಜಿ ಮತ್ತು ಮಸಿಯೇ ತಕ್ಕ ಸಾಧನ.

ಆ ಮಸಿಯ ಪಾಕವೂ ಉಳಿದಿದೆ. 6ನೇ ಶತಮಾನದ ವೈದ್ಯ ಏಟಿಯಸ್ ಹೇಳುವ ಪ್ರಕಾರ ಮರದ ತೊಗಟೆ, ಕಿಲುಬು ಹಿಡಿದ ಕಂಚು, ಮಾಚಿಕಾಯಿ, ವಿಟ್ರಿಯಾಲ್ ಎಂಬ ಲವಣ ಇವನ್ನು ಅರೆದು ಹುಳಿರಸದಲ್ಲಿ ಕಲಸಬೇಕು. ರಕ್ತ ಬರುವ ತನಕ ಸೂಜಿಯಿಂದ ಚುಚ್ಚಿ ಅದನ್ನು ತಿಕ್ಕಬೇಕು. ಮಾಚಿಕಾಯಿಯ ಒಗರು ಕಬ್ಬಿಣದ ಲವಣದ ಜೊತೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ನಮ್ಮಲ್ಲಿ ಅಳಲೆಕಾಯಿ ಮತ್ತು ಅನ್ನಭೇದಿ ಹಾಕಿ ಮಸಿ ಮಾಡುತ್ತಿದ್ದುದೂ ಇದೇ ರಸಾಯನದಿಂದ. ಅದೇ ಏಟಿಯಸ್ ಹಚ್ಚೆ ಅಳಿಸುವ ಔಷಧಿಯನ್ನೂ ಬರೆದಿದ್ದಾನೆ. ಸಾವಿರ ವರ್ಷ ಕಳೆದರೂ ಪಾಂಡರಸ್‌ನಂಥವರು ಇದ್ದೇ ಇದ್ದರು ಅಂತಾಯಿತು.

ಯಾಕೆ ಅಳಿಸಬೇಕಿತ್ತು? ಗ್ರೀಕರಲ್ಲಿ ಹಣೆಯ ಹಚ್ಚೆ ಗುಲಾಮರಿಗೆ, ಅದರಲ್ಲೂ ಓಡಿಹೋಗಿ ಸಿಕ್ಕಿಬಿದ್ದವರಿಗೆ ಹಾಕುವ ಶಿಕ್ಷೆ. ಇವನು ಓಡಿಹೋಗುವವನು, ಹಿಡಿಯಿರಿ ಎಂಬರ್ಥದ ಮಾತನ್ನೇ ಬರೆಯುತ್ತಿದ್ದರೆಂದು ಒಬ್ಬ ಪ್ರಾಚೀನ ಟಿಪ್ಪಣಿಕಾರ ಹೇಳುತ್ತಾನೆ. ತತ್ತ್ವಜ್ಞಾನಿ ಬಯನ್ ತನ್ನ ತಂದೆಯ ಬಗ್ಗೆ, ಆತನಿಗೆ ಮುಖವೇ ಇರಲಿಲ್ಲ, ಇದ್ದದ್ದು ಯಜಮಾನನ ಕ್ರೌರ್ಯದ ಬರಹ ಎಂಬ ಅರ್ಥದಲ್ಲಿ ಮಾತಾಡಿದ್ದ. ಬಿಡುಗಡೆಯಾದ ಮೇಲೂ ಆ ಬರಹ ಬಿಡುತ್ತಿರಲಿಲ್ಲ. ಕ್ರಿ.ಶ. 316ರ ಸುಮಾರಿಗೆ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್, ಶಿಕ್ಷೆಗೊಳಗಾದವರ ಮುಖದ ಮೇಲೆ ಬರೆಯಬಾರದು, ಬೇಕಾದರೆ ಕೈ ಅಥವಾ ಮೀನಖಂಡದ ಮೇಲೆ ಹಾಕಿ ಎಂದು ಆಜ್ಞೆ ಹೊರಡಿಸಿದ.

ಹಾಗಂತ ಹಚ್ಚೆಯೇ ಎಲ್ಲರಿಗೂ ಅವಮಾನವಾಗಿರಲಿಲ್ಲ. ಪಕ್ಕದ ಥ್ರೇಸ್ ಸೀಮೆಯಲ್ಲಿ ಹಚ್ಚೆ ಇದ್ದವರು ಕುಲೀನರು, ಇಲ್ಲದವರು ಕೀಳು ಎಂದು ಹೆರೊಡೋಟಸ್ ಬರೆದಿದ್ದಾನೆ. ಸೂಜಿ ಒಂದೇ, ಯಾರು ಯಾರಿಗೆ, ಯಾರ ಇಷ್ಟದಿಂದ ಚುಚ್ಚಿದರು ಅನ್ನೋದರ ಮೇಲೆ ಅರ್ಥ ಬದಲಾಗುತ್ತದೆ.

ಪಾಂಡರಸ್ ಗುಲಾಮನೇ, ಅಪರಾಧಿಯೇ, ಯುದ್ಧದಲ್ಲಿ ಸೆರೆಸಿಕ್ಕವನೇ, ಶಾಸನ ಹೇಳುವುದಿಲ್ಲ. ಅವನ ಹಣೆಯಲ್ಲಿ ಯಾವ ಅಕ್ಷರ ಇತ್ತೆಂದೂ ಹೇಳುವುದಿಲ್ಲ. ಅವನ ಹೆಸರು, ನಾಡು ಮಾತ್ರ ಹೇಳಿ, ಮುಖ ಶುದ್ಧವಾಯಿತು ಎಂದು ದಾಖಲಿಸುತ್ತದೆ. ಇನ್ನೊಬ್ಬರು ತನ್ನ ಮೇಲೆ ಬರೆದದ್ದನ್ನು ಕಳಚಿಕೊಂಡವನಿಗೆ ಈ ಮೌನವೂ ದೊಡ್ಡ ಉಪಕಾರವೇ ಅನ್ನಿಸುತ್ತದೆ ನನಗೆ.

ನಮ್ಮ ಹಳ್ಳಿಗಳಲ್ಲಿ ಹಚ್ಚೆ ಹಾಕಿಸಿಕೊಂಡ ತಲೆಮಾರು ಈಗ ಮುಗಿಯುತ್ತಾ ಬಂದಿದೆ. ಕೈಮೇಲಿನ ರಂಗೋಲಿ, ತೊಟ್ಟಿಲು, ಗಂಡನ ಹೆಸರು ಯಾವುದಕ್ಕೂ ಕಲ್ಲಿನ ಆಯುಷ್ಯ ಇಲ್ಲ. ಮನೆಯಲ್ಲಿ ಅಂಥ ಹಿರಿಯರಿದ್ದರೆ, ಅವರು ಒಪ್ಪಿದರೆ, ಒಂದು ಫೋಟೊ ತೆಗೆದು ಊರು, ಹಾಕಿದವರು ಯಾರು, ಆಗ ಅವರ ವಯಸ್ಸೆಷ್ಟು ಎಂದು ಬರೆದಿಡಿ. ತಾನು ಬಯಸಿ ಹಾಕಿಸಿಕೊಂಡದ್ದೋ, ಬೇರೆಯವರು ಕೂರಿಸಿ ಹಾಕಿಸಿದ್ದೋ ಎಂದು ಕೇಳೋದನ್ನು ಮಾತ್ರ ಮರೆಯಬೇಡಿ.